ವರ್ಷತೊಡಕಿನ ಮಾರನೇ ದಿನದ ಕಿಡ್ನಿ ಲೆಕ್ಕ

ಚೆನ್ನಾಗಿರೋರ ಮನೆ ಬಾಗಿಲು ತಟ್ಟಿ, ನಿಮ್ಮ ಕಿಡ್ನಿ ಎಷ್ಟು ಕೆಲಸ ಮಾಡ್ತಾ ಇದೆ ಅಂತ ನೋಡ್ಬೇಕು, ಸ್ವಲ್ಪ ರಕ್ತ ಕೊಡಿ ಅಂತ ಕೇಳೋದು ಸುಲಭದ ಕೆಲಸ ಅಲ್ಲ. ಕಾಯಿಲೆಯೋರಾದ್ರೆ ತಾವೇ ತೋಳು ಚಾಚ್ತಾರೆ. ಚೆನ್ನಾಗಿರೋನು ಮೊದ್ಲು ನಮ್ಮ ಮುಖ ನೋಡ್ತಾನೆ, ಆಮೇಲೆ ಜೀಪ್ ನೋಡ್ತಾನೆ, ಆಮೇಲೆ ನಾಯಿ ಬಿಡ್ತಾನೆ.

ಆದ್ರೆ ನಮ್ಮ ಸರ್ವೆಗೆ ಬೇಕಾಗಿದ್ದೋರು ಅವ್ರೇ. ಸರ್ವೆ ನಡೆಸ್ತಾ ಇದ್ದ ಡಾಕ್ಟರ್ ಮೇಡಂ ಹಾಸನದಲ್ಲಿ ಕೂತಿದ್ರು. ಅವರು ಹೇಳಿದ್ದಿಷ್ಟು: ಆಸ್ಪತ್ರೆಗೆ ಬರೋರ ಲೆಕ್ಕ ನಮ್ಮತ್ರ ಇದೆ, ಬರದೇ ಇರೋರ ಲೆಕ್ಕ ಬೇಕು. ಅದಕ್ಕೆ ಊರಿನ ಹೆಸರೆಲ್ಲಾ ಹಾಕಿ ಚೀಟಿ ಎತ್ತಿದಂಗೆ ಕೆಲವರನ್ನ ಆರಿಸಿ ಕೊಡೋರು. ಹೆಸರು ಬಂದೋರ ರಕ್ತವೇ ಬೇಕು. ಅವರು ಗದ್ದೆಗೆ ಹೋಗವ್ರೆ ಅಂತ ಪಕ್ಕದ ಮನೆಯೋರದ್ದು ತಗೊಳ್ಳಂಗಿಲ್ಲ. ಹೆಸರು ಬರದೇ ಇದ್ದೋರು, ನಮ್ಮದ್ಯಾಕೆ ಬೇಡ, ನಮ್ಮದೇನು ರಕ್ತ ಅಲ್ವಾ ಅಂತ ಜಗಳಕ್ಕೆ ಬರೋರು. ಹೆಸರು ಬಂದೋರು ಹಿತ್ತಲ ಬಾಗಿಲಲ್ಲಿ ಹೋಗ್ಬಿಡೋರು.

ರಕ್ತ ತೆಗೆಯೋನು ನಾನು. ಜೀಪು ಓಡಿಸೋದು, ಐಸ್ ಪೆಟ್ಟಿಗೆ ಹೊರೋದು, ನಾಯಿ ಓಡಿಸೋದು ಡ್ರೈವರಣ್ಣ. ಟ್ಯೂಬಿಗೆ ರಕ್ತ ತುಂಬಿ ಅರ್ಧ ಗಂಟೆ ಅಲ್ಲಾಡಿಸ್ದೆ ಇಡ್ಬೇಕು. ಹೆಪ್ಪುಗಟ್ಟಿದ ಮೇಲೆ ಗಿರಗಿರ ತಿರುಗೋ ಮಿಷಿನ್‌ಗೆ ಹಾಕಿದ್ರೆ ಮೇಲೆ ತುಪ್ಪದಂಥ ತಿಳಿ ನಿಲ್ಲುತ್ತೆ. ಆ ತಿಳೀನ ಐಸಲ್ಲಿಟ್ಟು ಹಾಸನದ ಲ್ಯಾಬ್‌ಗೆ ಮುಟ್ಟಿಸ್ಬೇಕು. ಅಲ್ಲಿ ಅವರು ಕ್ರಿಯಾಟಿನಿನ್ ನೋಡ್ತಾರೆ.

ಕ್ರಿಯಾಟಿನಿನ್ ಅಂದ್ರೆ ಏನು ಅಂತ ನಾನು ಹಳ್ಳಿಯೋರಿಗೆ ಹೇಳ್ತಿದ್ದಿದ್ದು ಹಿಂಗೆ. ಕಿಡ್ನಿ ಒಂದು ಜರಡಿ. ನಮ್ಮ ಮೈಯಿನ ಮಾಂಸಖಂಡದಿಂದ ದಿನಾ ಒಂದು ಕಸ ಬರುತ್ತೆ. ಜರಡಿ ಚೆನ್ನಾಗಿದ್ರೆ ಅದು ಉಚ್ಚೇಲಿ ಹೋಗುತ್ತೆ, ಜರಡಿ ಕಟ್ಕೊಂಡಿದ್ರೆ ರಕ್ತದಲ್ಲೇ ನಿಲ್ಲುತ್ತೆ. ರಕ್ತದಲ್ಲಿ ಆ ಕಸ ಎಷ್ಟಿದೆ ಅಂತ ನೋಡಿ, ಅದಕ್ಕೆ ವಯಸ್ಸು ಸೇರಿಸಿ, ಗಂಡೋ ಹೆಣ್ಣೋ ಅಂತ ಸೇರಿಸಿ ಒಂದು ಸೂತ್ರಕ್ಕೆ ಹಾಕಿದ್ರೆ ಒಂದು ಅಂಕಿ ಬರುತ್ತೆ. ಕಸ ಜಾಸ್ತಿಯಾದಷ್ಟೂ ಅಂಕಿ ಇಳಿಯುತ್ತೆ. ತೊಂಬತ್ತರ ಮೇಲಿದ್ರೆ ಭೇಷ್. ಅರವತ್ತರ ಕೆಳಗೆ ಬಂದು ಮೂರು ತಿಂಗಳು ಅಲ್ಲೇ ನಿಂತ್ರೆ ಕಾಯಿಲೆ. ವಯಸ್ಸು ಸರಿಯಾಗಿ ಬೇಕು ಅಂತ ಮೇಡಂ ಬಹಳ ಹೇಳೋರು. ಆಧಾರ್ ಕಾರ್ಡ್ ನೋಡಿದ್ರೆ ಊರಿನ ವಯಸ್ಸಾದೋರೆಲ್ಲ ಜನವರಿ ಒಂದ್ನೇ ತಾರೀಕೇ ಹುಟ್ಟಿದ್ರು. ಇರ್ಲಿ, ಅದು ಬೇರೆ ಕಥೆ.

ಹೊಳೆನರಸೀಪುರದ ಕಡೆ, ಹಾಸನದ ಸುತ್ತ ಹೆಂಗೋ ಮುಗಿಸಿದ್ವಿ. ಸಿಕ್ಕಾಕೊಂಡಿದ್ದು ಅರಕಲಗೂಡು ತಾಲೂಕಿನ ಒಂದು ಊರಲ್ಲಿ, ರುದ್ರಪಟ್ಟಣದ ರಸ್ತೇಲಿ ಹೋಗಿ ಎಡಕ್ಕೆ ತಿರುಗ್ಬೇಕು. ಹೊಗೆಸೊಪ್ಪು, ಶುಂಠಿ, ಆಲೂಗಡ್ಡೆ ಬೆಳೆಯೋ ಊರು. ಬೆಳಿಗ್ಗೆ ಆರಕ್ಕೆ ಹೋದ್ರೂ ಮನೇಲಿ ಯಾರೂ ಇಲ್ಲ, ಸಾಯಂಕಾಲ ಹೋದ್ರೂ ಇಲ್ಲ. ಆ ಊರಿನ ಆಶಾ ಕಾರ್ಯಕರ್ತೆ, ನಾವು ಆಶಾ ಅಕ್ಕ ಅಂತಿದ್ವಿ, ಬಾಣಂತಿ ಮನೆ, ಪೋಲಿಯೊ ಹನಿ ಅಂತ ಎಲ್ಲರ ಮನೆ ಅಡುಗೆಮನೆವರೆಗೂ ಹೋಗೋ ಹೆಂಗಸು. ಚೀಟೀಲಿ ಅಕ್ಕನ ಹೆಸರೂ ಬಂದಿತ್ತು. ಉಪಾಯ ಹೇಳಿಕೊಟ್ಟಿದ್ದೂ ಅವರೇ. ಯುಗಾದಿ ಆದ ಮಾರನೇ ದಿನ ವರ್ಷತೊಡಕು, ಊರೆಲ್ಲ ಬಾಡೂಟ. ಅದರ ಮಾರನೇ ದಿನ ಬನ್ನಿ ಸಾ, ಒಬ್ಬರೂ ಗದ್ದೆಗೆ ಹೋಗಲ್ಲ, ಬೆಂಗ್ಳೂರಿಗೆ ದುಡಿಯೋಕೆ ಹೋದೋರು ಕೂಡ ಊರಲ್ಲೇ ಇರ್ತಾರೆ ಅಂದ್ರು. ನಂಗೂ ಸರಿ ಅನ್ನಿಸ್ತು, ಮೇಡಂಗೂ ಸರಿ ಅನ್ನಿಸ್ತು. ಮೇಡಂ ಒಂದೇ ಒಂದು ಮಾತು ಹೇಳಿದ್ರು: ಹಿಂದಿನ ರಾತ್ರಿಯಿಂದ ಯಾರೂ ಮಾಂಸ ತಿಂದಿರ್ಬಾರ್ದು, ರಕ್ತ ತೆಗೆಯೋ ಮುಂಚೆ ಒಬ್ಬೊಬ್ಬರನ್ನೂ ಕೇಳು. ಅಕ್ಕ ಅದನ್ನ ಮನೆ ಮನೆಗೂ ಹೇಳಿ ಬಂದ್ರು.

ಇಲ್ಲಿ ನನ್ನ ಹಣೆ ವಿಚಾರ ಸ್ವಲ್ಪ ಹೇಳ್ಬೇಕು. ನಮ್ಮದು ಹೊಳೆನರಸೀಪುರದಲ್ಲಿ ಶಿವಪೂಜೆ ಮನೆ. ಮೂರು ಬೆರಳು ವಿಭೂತಿ ಇಟ್ಕೊಳ್ಳದೆ ನಾನು ಹೊಸ್ತಿಲು ದಾಟಿದೋನಲ್ಲ. ಮಾಂಸ, ಮೊಟ್ಟೆ ಗೊತ್ತಿಲ್ಲ. ಹಂಗಂತ ನಾವು ಮಠದೋರೇನಲ್ಲ, ಪೇಟೆ ಬೀದೀಲಿ ಹುರಿಗಡ್ಲೆ ಅಂಗಡಿ ಇಟ್ಟೋರು. ಆದ್ರೆ ಹಳ್ಳಿ ಕಡೆ ವಿಭೂತಿ ಕಂಡ ತಕ್ಷಣ ಅಯ್ನೋರೆ ಅಂತಾರೆ. ನಾನು ಅಯ್ನೋರಲ್ಲ ಅಂತ ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೆ.

ಆ ದಿನ ಹಾಲಿನ ಡೈರಿ ಮುಂದೆ ಟೇಬಲ್ ಹಾಕಿ ಕೂತೆ. ಜನ ಬಂದ್ರು ನೋಡಿ. ಮೂರು ಸಲ ನಾಯಿ ಬಿಟ್ಟಿದ್ದೋನು ಮಗಳನ್ನ, ಅಳಿಯನ್ನ ಕರ್ಕೊಂಡು ಬಂದು ಲೈನಲ್ಲಿ ನಿಂತ. ಎಲ್ಲರೂ ಮುಖ ತೊಳೆದಿದ್ರು, ಕೈಗೆ ಸೋಪು ಹಾಕಿದ್ರು, ಎಲೆಅಡಿಕೆ ಜಗೀತಿದ್ರು. ಸರ್ಕಾರಿ ಕೆಲಸಕ್ಕೆ ಇಷ್ಟು ಮಡಿಯಾಗಿ ಬಂದಿದ್ದನ್ನ ನಾನು ಎಲ್ಲೂ ನೋಡಿರ್ಲಿಲ್ಲ. ಒಬ್ಬೊಬ್ಬರನ್ನೂ ಕೇಳ್ದೆ, ನೆನ್ನೆ ರಾತ್ರಿಯಿಂದ ಬಾಡು ತಿಂದಿದ್ದೀರಾ ಅಂತ. ಒಬ್ಬರೂ ಹೂಂ ಅನ್ನಲಿಲ್ಲ. ಕೆಲವರು ಕಿವಿ ಮುಟ್ಕೊಂಡ್ರು. ಡ್ರೈವರಣ್ಣ ಮಾತ್ರ ಜೀಪಿಗೆ ಒರಗಿ ಗಾಳಿ ಮೂಸ್ತಾ ಇದ್ದ. ಊರು ಘಮ ಅಂತೈತೆ ಅಂದ. ನಂಗೆ ಆ ಘಮ ಯಾವುದು ಅಂತ ಗೊತ್ತಾಗೋ ಹಂಗಿಲ್ಲ. ಒಗ್ಗರಣೆ ಇರ್ಬೇಕು ಅನ್ಕೊಂಡೆ. ಮಧ್ಯಾಹ್ನದ ಹೊತ್ತಿಗೆ ಚೀಟೀಲಿದ್ದೋರಷ್ಟೂ ಮುಗಿದಿದ್ರು. ಇಡೀ ಸರ್ವೇಲಿ ಒಬ್ಬರೂ ತಪ್ಪದೇ ಸಿಕ್ಕಿದ ಊರು ಅದೊಂದೇ ಅಂತ ಮೇಡಂ ಫೋನಲ್ಲಿ ಹೊಗಳಿದ್ರು.

ರಿಪೋರ್ಟ್ ಬಂತು. ಅಕ್ಕ ಅದನ್ನ ಡೈರಿ ಹತ್ರವೇ ಹಂಚಿದ್ರು. ಒಬ್ಬೊಬ್ಬರ ಕೈಗೂ ಮಡಚಿ ಕೊಡಬೇಕು, ಇನ್ನೊಬ್ಬರು ನೋಡ್ಬಾರ್ದು ಅಂತ ನಿಯಮ. ಆದ್ರೆ ಜನ ಎಸ್ಸೆಲ್ಸಿ ಮಾರ್ಕ್ಸ್ ಥರ ಅಲ್ಲೇ ಬಿಚ್ಚಿ ನೋಡ್ಕೊಂಡ್ರಂತೆ. ನಿಂದೆಷ್ಟ್ಲಾ, ಐವತ್ತಾರು ಕಣ, ನಂದು ಐವತ್ತೆಂಟು ಅಂತ. ಮೂವತ್ತೈದಕ್ಕೆ ಪಾಸು ಅಂತ ಲೆಕ್ಕ ಹಾಕಿ ಊರಿಗೂರೇ ಖುಷಿಯಾಗಿತ್ತು. ಅವರನ್ನ ನೋಡಿ ನಾನು ನಗಲ್ಲ. ನಾನೂ ಮದುವೆಯಾದ ಮೇಲೆ ಎಸ್ಸೆಲ್ಸಿಗೆ ಕೂತು ಗಣಿತದಲ್ಲಿ ಮೂವತ್ತಾರಕ್ಕೆ ಪಾಸಾಗಿ ಪೇಡ ಹಂಚಿದೋನು. ಸಾಯಂಕಾಲದವರೆಗೂ ಆ ಖುಷಿ ಇತ್ತು. ಆಮೇಲೆ ಯಾರೋ ಅರಕಲಗೂಡಿನ ಮೆಡಿಕಲ್ ಶಾಪ್‌ಗೆ ಮಾತ್ರೆಗೆ ಹೋದೋರು ಆ ಕಾಗದ ತೋರಿಸಿದ್ದಾರೆ. ಅರವತ್ತಕ್ಕಿಂತ ಕಮ್ಮಿ ಇದ್ರೆ ಡಾಕ್ಟ್ರನ್ನ ನೋಡಿ ಅಂತ ಕೆಳಗೆ ಬರೆದೈತಲ್ಲ ಅಂತ ಅಂಗಡಿಯೋನು ಓದಿ ಹೇಳಿದ್ದಾನೆ. ಅಲ್ಲಿಗೆ ಊರು ಮುಳುಗ್ತು.

ಇತ್ತ ಹಾಸನದಲ್ಲಿ ಮೇಡಂ ಕೂಡ ತಲೆ ಕೆಡಿಸ್ಕೊಂಡಿದ್ರು. ಉಳಿದ ಊರುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕಮ್ಮಿ ಬಂದಿದ್ರು. ಇಲ್ಲಿ ಮೇಲಿನ ಬೀದಿ ನಾಲ್ಕು ಮನೆ ಬಿಟ್ರೆ ಎಲ್ಲರದ್ದೂ ಇಳಿದಿತ್ತು. ಮೊದ್ಲು ನೀರು ಅನ್ಕೊಂಡ್ರು, ಮೇಲಿನ ಬೀದಿಯೋರೂ ಅದೇ ಟ್ಯಾಂಕಿನ ನೀರು ಕುಡಿಯೋದು. ಹೊಗೆಸೊಪ್ಪಿನ ಔಷಧಿ ಅನ್ಕೊಂಡ್ರು, ಹೊಗೆಸೊಪ್ಪೇ ಬೆಳೀದೆ ಇರೋರದ್ದೂ ಇಳಿದಿತ್ತು. ನನ್ನ ಕರೆಸಿ, ರಕ್ತ ಬಿಸಿಲಲ್ಲಿ ಇಟ್ಟಿದ್ಯಾ, ಮಿಷಿನ್‌ಗೆ ಹಾಕೋದು ತಡ ಆಯ್ತಾ, ಮಾಂಸ ಕೇಳಿದ್ಯಾ ಅಂತ ವಿಚಾರಿಸಿದ್ರು. ದೇವರಾಣೆ ಕೇಳಿದ್ದೀನಿ ಮೇಡಂ, ಒಬ್ಬರೂ ತಿಂದಿಲ್ಲ ಅಂದೆ. ಒಂದು ಸಲದ ಅಂಕಿ ನೋಡಿ ಕಾಯಿಲೆ ಅಂತ ಹೇಳಂಗಿಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂತ ಅವರಿಗೆ ಹೇಳು ಅಂದ್ರು.

ಮೂರು ತಿಂಗಳು ಕಾಯೋ ಪರಿಸ್ಥಿತಿ ಆಶಾ ಅಕ್ಕಂಗೆ ಇರ್ಲಿಲ್ಲ. ಮಗಳಿಗೆ ಚನ್ನರಾಯಪಟ್ಟಣ ತಾಲೂಕಿನ ಕಡೆ ಗಂಡು ಗೊತ್ತಾಗಿತ್ತು. ಹುಡುಗನ ಅಪ್ಪಂದು ತೆಂಗಿನಕಾಯಿ ಮಂಡಿ. ನಿಶ್ಚಿತಾರ್ಥಕ್ಕೆ ದಿನ ನೋಡ್ತಾ ಇದ್ರು. ಅರಕಲಗೂಡಲ್ಲಿ ಬಸ್ ಹತ್ತಿದ ಸುದ್ದಿ ಹಾಸನದಲ್ಲಿ ಇಳಿದು ಚನ್ನರಾಯಪಟ್ಟಣದ ಬಸ್ ಹತ್ತಿತ್ತು: ಅದು ಕಿಡ್ನಿ ಹೋಗಿರೋ ಊರಂತೆ, ಹುಡುಗಿ ತಾಯಿದೂ ಹೋಗಿದೆಯಂತೆ. ಗಂಡಿನ ಅಪ್ಪ ಬೇಡ ಅನ್ನಲಿಲ್ಲ. ಸ್ವಲ್ಪ ತಡಿಯಾನ, ತಾಯಿದು ಹಿಂಗಾದ್ರೆ ಮಗಳದ್ದು ಹೆಂಗೋ ಏನೋ ಅಂದ್ರಂತೆ. ನಮ್ಮ ಕಡೆ ಸಂಬಂಧಗಳು ಬೇಡ ಅನ್ನೋದ್ರಿಂದ ಮುರಿಯಲ್ಲ, ತಡಿಯಾನ ಅನ್ನೋದ್ರಿಂದಲೇ ಮುರಿಯೋದು.

ಹಾಸನದಲ್ಲಿ ಬಿ.ಎಡ್. ಓದ್ತಾ ಇದ್ದ ಅಕ್ಕನ ಮಗಳೇ ನಂಗೆ ಫೋನ್ ಮಾಡಿದ್ಲು. ಅಳ್ತಾಳೆ ಅಂತ ನಾನು ಸಮಾಧಾನದ ಮಾತು ಜೋಡಿಸ್ಕೊಂಡೆ. ಅವಳು ಅಳಲಿಲ್ಲ. "ಸಾರ್, ಎರಡು ವರ್ಷದಿಂದ ಇಪ್ಪತ್ತು ಗಂಡು ನೋಡಿ ಈಗ ಒಬ್ಬ ಒಪ್ಪಿಗೆ ಆಗವ್ನೆ. ನಮ್ಮಮ್ಮ ದಿನಾ ಊರೆಲ್ಲ ನಡೀತಾಳೆ, ಅವಳ ಕಿಡ್ನಿಗೆ ಏನೂ ಆಗಿಲ್ಲ. ನಿಮ್ಮ ಮಿಷಿನ್‌ಗೆ ಏನಾಗೈತೆ ನೋಡಿ" ಅಂದ್ಲು.

ಮಾರನೇ ದಿನ ನಾನೊಬ್ಬನೇ ಬಸ್ಸಲ್ಲಿ ಆ ಊರಿಗೆ ಹೋದೆ. ಏನು ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ, ಸುಮ್ನೆ ಹೋದೆ. ಡೈರಿ ಮುಂದೆ ಕೂತಿದ್ದೋರು ಎದ್ದು ನಿಂತ್ರು, ದೂರದಿಂದಲೇ ಕೈ ಮುಗಿದು ಪಕ್ಕಕ್ಕೆ ಸರಿದ್ರು. ಅಕ್ಕನ ಮನೇಲಿ ಅಕ್ಕ ಗೋಡೆಗೆ ಒರಗಿ ಕೂತಿದ್ರು. ಊರಲ್ಲಿ ಇನ್ಮೇಲೆ ಪೋಲಿಯೊ ಹನಿ ಹಾಕಕ್ಕೂ ಬಾಗಿಲು ತೆಗೆಯಲ್ಲ ಸಾ, ನೀನೇ ಕರ್ಕೊಂಡೋಗಿ ನಮ್ಮ ಕಿಡ್ನಿ ಕಳೆದೆ ಅಂತಾರೆ ಅಂದ್ರು. ನಾನು ಮೂರು ತಿಂಗಳ ಮಾತು ಹೇಳೋಕೆ ಶುರು ಮಾಡ್ದೆ. ಅಷ್ಟರಲ್ಲಿ ಒಳಗಿಂದ ಅಕ್ಕನ ಅತ್ತೆ, ಸೊಂಟ ಬಗ್ಗಿದ ಅಜ್ಜಿ, ಬಂದು ನನ್ನ ಕಾಲಿಗೆ ಬೀಳೋಕೆ ನೋಡ್ತು.

"ತಪ್ಪಾಯ್ತು ಅಯ್ನೋರೆ. ಬಾಡುಂಡ ಕೈಯ ನಿಮ್ಗೆ ಮುಟ್ಸುಬುಟ್ವಿ. ಅದುಕ್ಕೆ ಇಂಗೆ ಊರ್ಗೆಲ್ಲ ಸಾಪ ಆಕದಾ? ಆ ಸಾಪ ಇಂದಕ್ಕೆ ತಗೋಳಿ."

ನಾನು ಅಜ್ಜೀನ ಎತ್ತಿ ಕೂರಿಸಿ, ಯಾವ ಬಾಡು ಅಂತ ಕೇಳ್ದೆ.

"ಇನ್ಯಾವ್ದು? ವರ್ಸ್ತೊಡಕಿಂದು. ಒತ್ತಾರೆನೇ ಬಿಸಿ ಮಾಡ್ಕಂಡು ಮುದ್ದೆ ಉಂಡ್ಕಂಡೇ ಎಲ್ರೂ ಬಂದಿದ್ದು. ಮಾರ್ನೆ ದಿನದ ಸಾರ ಯಾರಾರ ಬುಟ್ಟಾರಾ?"

"ನಾನು ಕೇಳ್ದಾಗ ಒಬ್ಬರೂ ತಿಂದಿಲ್ಲ ಅಂದ್ರಲ್ಲಜ್ಜಿ."

"ಅಣೇ ಮ್ಯಾಲೆ ಮೂರು ಬಳ್ಳು ಈಬತ್ತಿ ಇಟ್ಕಂಡು ಬಾಡು ತಿಂದ್ರಾ ಅಂತ ಕೇಳುದ್ರೆ, ಊಂ ಅನ್ನಕೆ ನಾವೇನು ಮಾನ ಮರ್ವಾದಿ ಬುಟ್ಟೋರಾ?"

ನಾನು ಅಕ್ಕನ ಕಡೆ ನೋಡ್ದೆ. ಅಕ್ಕ ಸೆರಗಿನ ತುದಿ ನೋಡ್ತಾ ಇದ್ರು. ತಾನೂ ಉಂಡಿದ್ದೆ, ಬೆಳಿಗ್ಗೆ ಐದಕ್ಕೇ ಎದ್ದು ಎಲ್ಲರನ್ನೂ ಕರೆದು ಬಂದು ಹಸಿವಾಗಿತ್ತು ಅಂದ್ರು. ಆಮೇಲೆ ಸಣ್ಣ ದನೀಲಿ, "ತಿನ್ಬ್ಯಾಡಿ ಅಂದಿದ್ದು ನಿಮ್ಗೆ ಮಡಿ ಅಂತ ಅನ್ಕಂಡಿದ್ವಿ ಸಾ. ಅದುಕ್ಕೇ ಎಲ್ರೂ ಸೋಪಾಕ್ಕಂಡು ಕೈ ತೊಳ್ಕಂಡು ಬಂದ್ವಿ" ಅಂದ್ರು.

"ಮಡಿ ನಂಗಲ್ಲಕ್ಕ," ಅಂದೆ, "ಸೂತ್ರಕ್ಕೆ."

ಸೋಪು, ಎಲೆಅಡಿಕೆ, ಕಿವಿ ಮುಟ್ಕೊಂಡಿದ್ದು, ಡ್ರೈವರಣ್ಣನ ಘಮ, ಎಲ್ಲ ಒಂದೇ ಸಲ ತಲೆಗೆ ಹತ್ತಿತು. ಮೇಲಿನ ಬೀದಿ ನಾಲ್ಕು ಮನೆ ನಮ್ಮಂಗೆ ಶಿವಪೂಜೆಯೋರವು. ಊರಿಗೂರೇ ನಂಗೆ ಮರ್ಯಾದೆ ಕೊಟ್ಟಿತ್ತು, ಆ ಮರ್ಯಾದೇಲಿ ಕಿಡ್ನಿ ಲೆಕ್ಕ ತಪ್ಪಿತ್ತು.

ಅಲ್ಲಿಂದಲೇ ಮೇಡಂಗೆ ಫೋನ್ ಮಾಡ್ದೆ. ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ನಗೋಕೆ ಶುರು ಮಾಡಿದ್ರು, ನಿಲ್ಲಿಸೋಕೆ ಆಗ್ಲಿಲ್ಲ. ನಕ್ಕು ಮುಗಿಸಿ ವಿವರವಾಗಿ ಹೇಳಿದ್ರು. ಬೇಯಿಸಿದ ಮಾಂಸದಲ್ಲೇ ಕ್ರಿಯಾಟಿನಿನ್ ಇರುತ್ತಂತೆ. ತಿಂದ ಮೇಲೆ ಅದು ಸೀದಾ ರಕ್ತಕ್ಕೆ ಬರುತ್ತೆ, ಸೂತ್ರಕ್ಕೆ ಅದು ಕುರಿದೋ ಮನುಷ್ಯಂದೋ ಗೊತ್ತಾಗಲ್ಲ. ಒಂದು ದಿನ ಬಾಡು ಬಿಟ್ರೆ ಇಳಿದುಹೋಗುತ್ತೆ. ಮತ್ತೆ ತೆಗೆಯೋಣ ಅಂದ್ರು, ಮೂರು ತಿಂಗಳು ಕಾಯೋದು ಬೇಡ. ಎರಡು ಷರತ್ತು ಹಾಕಿದ್ರು. ಹಿಂದಿನ ಪೂರ್ತಿ ದಿನ ಬಾಡು ಮುಟ್ಟಿರ್ಬಾರ್ದು. ಆ ಪ್ರಶ್ನೆ ನಾನು ಕೇಳ್ಬಾರ್ದು.

ಕೇಳೋಕೆ ಡ್ರೈವರಣ್ಣ ಇದ್ದ. ಅವನ ಮುಂದೆ ಬಾಡಿನ ವಿಷಯಕ್ಕೆ ಯಾರಿಗೂ ನಾಚಿಕೆ ಇಲ್ಲ, ಅವನಿಗಂತೂ ಮೊದ್ಲೇ ಇಲ್ಲ. ಕಷ್ಟ ಆಗಿದ್ದು ದಿನ ಹುಡುಕೋದು. ನಾನೂ ಅಕ್ಕನೂ ಕ್ಯಾಲೆಂಡರ್ ಮುಂದೆ ಕೂತ್ವಿ. ಸೋಮವಾರ ಕೆಲವು ಮನೇಲಿ ಮಾಡಲ್ಲ, ಕೆಲವು ಮನೇಲಿ ಭಾನುವಾರದ್ದು ಮಿಕ್ಕಿರುತ್ತೆ. ಮಂಗಳವಾರ ಒಂದು ತಿಥಿ. ಬುಧವಾರ ಹರಕೆ ಕುರಿ. ಗುರುವಾರ ಬೀಗರೂಟ, ಶುಕ್ರವಾರ ಅದರದ್ದೇ ಮಿಕ್ಕಿದ ಸಾರು. ಬಾಡಿಲ್ಲದ ದಿನ ಹುಡುಕೋದಕ್ಕಿಂತ ಮದುವೆ ಮುಹೂರ್ತ ಹುಡುಕೋದು ಸುಲಭ ಅನ್ನಿಸ್ತು. ಉಳಿದಿದ್ದು ಶನಿವಾರ ಒಂದೇ. ಆ ಊರಲ್ಲಿ ಆಂಜನೇಯನ ಒಕ್ಕಲು ಜಾಸ್ತಿ, ಶನಿವಾರ ಯಾರೂ ಮುಟ್ಟಲ್ಲ. ಹಂಗಾದ್ರೆ ಭಾನುವಾರ ಬೆಳಿಗ್ಗೆ ತೆಗೀಬೇಕು. ಭಾನುವಾರ ಬೆಳಿಗ್ಗೆ ಗಂಡಸರೆಲ್ಲ ಎಲ್ಲಿರ್ತಾರೆ ಅಂತ ಕೇಳ್ದೆ.

"ಮಟನ್ ಅಂಗ್ಡಿ ಮುಂದೆ," ಅಂದ್ರು ಅಕ್ಕ.

ಡೈರಿ ಎದುರಿಗೇ ಮಟನ್ ಅಂಗಡಿ. ಹೆಂಗಸರು ಡೈರಿಗೆ ಹಾಲು ತರ್ತಾರೆ, ಗಂಡಸರು ಅಲ್ಲಿ ಲೈನಲ್ಲಿ ನಿಂತಿರ್ತಾರೆ. ಬರೀ ಹೊಟ್ಟೆ, ಹಿಂದಿನ ದಿನ ಶನಿವಾರ. ಅದಕ್ಕಿಂತ ಒಳ್ಳೇ ಜಾಗ ಸಿಗಲ್ಲ ಅನ್ನೋದು ನಂಗೆ ಗೊತ್ತಾಗಿತ್ತು. ನಮ್ಮಮ್ಮಂಗೆ ಗೊತ್ತಾದ್ರೆ ಏನು ಹೇಳೋದು ಅನ್ನೋದು ಮಾತ್ರ ಗೊತ್ತಾಗ್ಲಿಲ್ಲ. ಹುಟ್ಟಿದಾಗಿಂದ ಮಟನ್ ಅಂಗಡಿ ಬಂದ್ರೆ ರಸ್ತೆಯ ಆ ಬದಿಗೆ ದಾಟಿ ಹೋದೋನು ನಾನು. ಅಲ್ಲೇ ಟೇಬಲ್ ಹಾಕಿಸಿ ಅಕ್ಕ ಅಂದೆ.

ಆ ಭಾನುವಾರ ಬೆಳಕು ಹರಿಯೋ ಹೊತ್ತಿಗೆ ಕೂತೆ. ಡೈರಿಯ ಪ್ಲಗ್ಗಿಗೆ ನನ್ನ ಗಿರಗಿರ ಮಿಷಿನ್ ಹಾಕಿದ್ವಿ. ಟೇಬಲ್‌ನಿಂದ ನಾಲ್ಕು ಮಾರು ದೂರದಲ್ಲಿ ಎರಡು ಮೇಕೆ ತೂಗು ಹಾಕಿದ್ರು. ಅತ್ತ ಕಡೆ ಮೇಕೆ ರಕ್ತ, ಇತ್ತ ಕಡೆ ಮನುಷ್ಯರ ರಕ್ತ, ನಡುವೆ ನಾನು ವಿಭೂತಿ ಇಟ್ಕೊಂಡು. ಅಂಗಡಿಯೋನು ಒಳ್ಳೇ ಮನುಷ್ಯ. ಅಯ್ನೋರಿಗೆ ಕಾಣದಂಗೆ ಗೋಣಿಚೀಲ ಕಟ್ಲಾ ಅಂದ. ಬೇಡಪ್ಪ, ಇನ್ನು ಯಾರೂ ನಂಗೆ ಏನನ್ನೂ ಮುಚ್ಚಿಡ್ಬೇಡಿ ಅಂದೆ. ಕೆಲಸಕ್ಕೆ ಅವನೇ ದೊಡ್ಡ ಸಹಾಯ ಮಾಡ್ದ. ತೋಳಿನ ಮೇಲೆ ಹತ್ತಿ ತೋರಿಸಿದೋರಿಗೆ ಮಾತ್ರ ಬಾಡು ಅಂತ ಕೂಗಿ ಹೇಳ್ಬಿಟ್ಟ. ಆರೋಗ್ಯ ಇಲಾಖೆ ಎಷ್ಟು ಕರಪತ್ರ ಹಂಚಿದ್ರೂ ಬರದ ಜನ ಆ ಒಂದು ಮಾತಿಗೆ ತೋಳು ಮಡಚ್ಕೊಂಡು ಬಂದ್ರು. ಚೀಟೀಲಿ ಹೆಸರಿಲ್ಲದೋನೊಬ್ಬ, ನಂಗೂ ಸುಮ್ನೆ ಒಂದು ಹತ್ತಿ ಅಂಟಿಸಿ ಸಾ ಅಂತ ದುಂಬಾಲು ಬಿದ್ದ.

ಡ್ರೈವರಣ್ಣ ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು, ನೆನ್ನೆ ಏನ್ಲಾ ಉಂಡೆ, ನಿಜ ಬೊಗಳು ಅಂತ ಕೇಳ್ತಿದ್ದ. ನಂಗೆ ಸಿಗದ ಉತ್ತರ ಅವನಿಗೆ ಬೈಗುಳದ ಜೊತೆ ಸಿಕ್ಕಿತು. ಇಬ್ಬರು ಶನಿವಾರವೂ ಮೀನು ತಿಂದಿದ್ರು. ಮೀನು ಬಾಡಲ್ಲ ಅಂತ ವಾದ ಮಾಡಿದ್ರು. ಅವರನ್ನ ಇನ್ನೊಂದು ದಿನಕ್ಕೆ ಬರೆದುಕೊಂಡ್ವಿ.

ಲೈನು ಕರಗಿದ ಮೇಲೆ ಅಂಗಡಿಯೋನು ಅಂಗೈ ಮೇಲೆ ಏನೋ ಇಟ್ಕೊಂಡು ಬಂದ. ಕೆಂಪಗೆ, ನುಣ್ಣಗೆ, ದೊಡ್ಡ ಅವರೆಕಾಳಿನಂಗಿತ್ತು. "ಇದೇ ಕಣ್ರಿ ಅಯ್ನೋರೆ ಕಿಡ್ನಿ. ನೋಡಿದ್ರಾ ಯಾವತ್ತಾರ?" ಅಂದ. ನಾನು ಅಲ್ಲಿವರೆಗೂ ಎಷ್ಟೋ ಜನರ ಕಿಡ್ನಿ ಲೆಕ್ಕಕ್ಕೆ ಓಡಾಡಿದ್ದೆ, ಕಿಡ್ನಿ ನೋಡಿರ್ಲಿಲ್ಲ. ಇಷ್ಟೇನಾ ಅನ್ನಿಸ್ತು. ಇಷ್ಟರೊಳಗೆ ಮೈಯಿನ ರಕ್ತವೆಲ್ಲ ದಿನಾ ಎಷ್ಟು ಸಲ ಸೋಸಿ ಹೋಗುತ್ತೋ ಅಂತ ಯೋಚಿಸಿ ಕೈ ಮುಗಿದೆ. ಅಂಗಡಿಯೋನು ಗಾಬರಿಯಾಗಿ ಅವನೂ ಮುಗಿದ.

ಆ ಹೊತ್ತಿಗೆ ಚನ್ನರಾಯಪಟ್ಟಣದ ಬೀಗರು ಬಂದಿಳಿದ್ರು. ಕಣ್ಣಾರೆ ನೋಡ್ತೀನಿ ಅಂತ ಗಂಡಿನ ಅಪ್ಪ ತಾವೇ ಬಂದಿದ್ರು. ಮಂಡಿ ವ್ಯವಹಾರಕ್ಕೆ ಹಿಂದಿನ ಸಾಯಂಕಾಲವೇ ಹಾಸನಕ್ಕೆ ಬಂದು, ಅಲ್ಲೇ ಉಳ್ಕೊಂಡಿದ್ದು, ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಇಲ್ಲಿಗೆ. ದಪ್ಪನೆಯ ಆಳು, ಹಣೇಲಿ ಕುಂಕುಮ, ಕೊರಳಲ್ಲಿ ಆಂಜನೇಯನ ಬೆಳ್ಳಿ ಪದಕ. ಅಕ್ಕ ನನ್ನ ಮುಂದೆ ತೋಳು ಚಾಚಿ ಕೂತಿದ್ದನ್ನ ಪಕ್ಕದಲ್ಲೇ ನಿಂತು ನೋಡಿದ್ರು. ಟ್ಯೂಬಿನ ಮೇಲೆ ಹೆಸರು ಬರೆಯೋದನ್ನೂ ಓದಿದ್ರು. ಆಮೇಲೆ, ನನ್ನದೂ ತಗೊಳ್ಳಿ, ಆರೋಗ್ಯವಾಗಿರೋರ ಅಂಕಿ ಹೆಂಗಿರುತ್ತೆ ಅಂತ ಎಲ್ಲರೂ ನೋಡ್ಲಿ ಅಂದ್ರು. ಸರ್ವೆ ಲೆಕ್ಕಕ್ಕೆ ಬರಲ್ಲ ಅಂತ ಹೇಳಿ ತಗೊಂಡೆ. ಡ್ರೈವರಣ್ಣ ಅಷ್ಟರಲ್ಲಿ ತನ್ನ ಒಂದು ಕೆಜಿ ತೂಗಿಸ್ತಾ ಇದ್ದ, ಹಂಗಾಗಿ ಪ್ರಶ್ನೆ ನಾನೇ ಕೇಳ್ಬೇಕಾಯ್ತು. ಅವರು ನನ್ನ ಹಣೆ ನೋಡಿ ಪದಕ ಮುಟ್ಕೊಂಡು, ಶನಿವಾರ ನಮ್ಮನೇಲಿ ಮೊಟ್ಟೆ ಕೂಡ ಒಡೆಯಲ್ಲ ಅಂದ್ರು.

ಡ್ರೈವರಣ್ಣ ತನ್ನ ಪೊಟ್ಟಣ ತಂದು ಐಸ್ ಪೆಟ್ಟಿಗೇಲಿ ಟ್ಯೂಬುಗಳ ಪಕ್ಕ ಇಡೋಕೆ ಹೋದ. ಅವನ ಮೇಲೆ ನಾನು ನಿಜವಾಗ್ಲೂ ಕೋಪ ಮಾಡ್ಕೊಂಡಿದ್ದು ಅದೊಂದೇ ಸಲ.

ರಿಪೋರ್ಟ್ ಬಂದಾಗ ಮೇಡಂ ತಾವೇ ಫೋನ್ ಮಾಡಿದ್ರು. ಊರು ಊರಂಗಾಗಿತ್ತು. ಇಬ್ಬರದ್ದು ಮಾತ್ರ ಮತ್ತೆ ಕಮ್ಮಿ ಬಂದಿತ್ತು, ಇಬ್ಬರಿಗೂ ಹಳೇ ಬಿಪಿ. ಅವರನ್ನ ಹಾಸನಕ್ಕೆ ಕರೆಸ್ಕೊಂಡ್ರು. ಅವರಿಬ್ಬರಿಗೋಸ್ಕರನೇ ಈ ಸರ್ವೆ, ಬಾಡಿನ ಗದ್ದಲದಲ್ಲಿ ಅವರು ಯಾರು ಅಂತಲೇ ಗೊತ್ತಾಗ್ತಿರ್ಲಿಲ್ಲ ಅಂದ್ರು. ಅಕ್ಕಂದು ತೊಂಬತ್ತರ ಮೇಲೆ. ಆಮೇಲೆ, ಆ ಹೊರಗಿನ ಟ್ಯೂಬ್ ಯಾರದ್ದು, ಐವತ್ತನಾಲ್ಕು ಬಂದಿದೆ ಅಂತ ಕೇಳಿದ್ರು. ಹೋಗಿ ಹೇಳಿ ಬಾ, ಹೆದರಿಸ್ಬೇಡ, ಮತ್ತೆ ತೆಗೀಬೇಕು ಅನ್ನು ಅಂದ್ರು.

ನಾನೂ ಅಕ್ಕನೂ ಚನ್ನರಾಯಪಟ್ಟಣಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ಅವರ ಊರಿಗೆ ಹೋದ್ವಿ. ಬೀಗರು ಜಗಲೀಲಿ ಕೂರಿಸಿದ್ರು. ಅವರ ಹೆಂಡ್ತಿ ಮಜ್ಜಿಗೆ ತರೋಕೆ ಒಳಗೆ ಹೋದ್ರು. ಮೊದ್ಲು ಅಕ್ಕನ ರಿಪೋರ್ಟ್ ಕೊಟ್ಟೆ. ಓದಿದ್ರು, ಸಂತೋಷ ಅಂದ್ರು. ಆಮೇಲೆ ಅವರದ್ದು ಕೊಟ್ಟೆ. ಓದಿದ್ರು, ಕನ್ನಡಕ ಒರೆಸಿ ಇನ್ನೊಂದು ಸಲ ಓದಿದ್ರು. ದಪ್ಪನೆಯ ಆಳು ಕೂತಲ್ಲೇ ಸಣ್ಣಗಾದ್ರು. ಮಂಡಿ ಮಗನಿಗೆ ಬಿಡ್ಬೇಕಾ, ಹಾಸನಕ್ಕೆ ದಿನಾ ಹೋಗ್ಬೇಕಾ ಅಂತ ಏನೇನೋ ಕೇಳಿದ್ರು.

ಅಕ್ಕ ಬಹಳ ಮರ್ಯಾದೆಯಿಂದ, ತಲೆ ಬಗ್ಗಿಸ್ಕೊಂಡೇ ಅಂದ್ರು: "ತಂದೇದು ಇಂಗಾದ್ರೆ ಮಗಂದು ಎಂಗೋ ಏನೋ ಬೀಗ್ರೆ. ಸ್ವಲ್ಪ ತಡಿಯಾನ."

ಆ ಮನುಷ್ಯನ ಮುಖ ನೋಡಿ ನಂಗೆ ತಡೀಲಿಲ್ಲ. ಒಂದು ಪ್ರಶ್ನೆ ಇದೆ, ಅವತ್ತೂ ಕೇಳಿದ್ದೆ, ಇವತ್ತು ಮತ್ತೆ ಕೇಳ್ತೀನಿ, ನಿಜ ಹೇಳಿದ್ರೆ ಅಂಕಿ ಸರಿ ಹೋದ್ರೂ ಹೋಗ್ಬಹುದು ಅಂದೆ. ಹೆಗಲ ಮೇಲಿದ್ದ ಟವೆಲ್ ತಗೊಂಡು ಹಣೆ ಒರೆಸ್ಕೊಂಡೆ. ಮನೆ ಹೊಸ್ತಿಲಿಂದಾಚೆ ವಿಭೂತಿ ಅಳಿಸಿದ್ದು ನನ್ನ ಜೀವನದಲ್ಲಿ ಅದೇ ಮೊದ್ಲು. ಶಿವ ಲೆಕ್ಕ ಗೊತ್ತಿರೋನು, ಏನೂ ಅನ್ಕೊಳ್ಳಲ್ಲ. "ಈಗ ಇಲ್ಲಿ ಯಾವ ಅಯ್ನೋರೂ ಇಲ್ಲ. ಶನಿವಾರ ರಾತ್ರಿ ಹಾಸನದಲ್ಲಿ ಏನು ಊಟ ಮಾಡಿದ್ರಿ ಯಜಮಾನ್ರೆ?"

ಅವರು ಬಾಯಿ ತೆಗೆದ್ರು, ಮುಚ್ಚಿದ್ರು. ಆಗ ಗೊತ್ತಾಯ್ತು, ಅವರು ನನ್ನ ಹಣೇನ ನೋಡ್ತಾನೇ ಇಲ್ಲ. ನನ್ನ ಹೆಗಲ ಮೇಲಿಂದ ಅಡುಗೆಮನೆ ಬಾಗಿಲು ನೋಡ್ತಾ ಇದಾರೆ.

ಒಂದು ಕಡೆ ಕಿಡ್ನಿ, ಇನ್ನೊಂದು ಕಡೆ ಶನಿವಾರ. ಕೊನೆಗೆ ಬೀಗರು ಟವೆಲ್ಲನ್ನ ಬಾಯಿಗೆ ಅಡ್ಡ ಇಟ್ಕೊಂಡು, "ನಾಟಿ ಕೋಳಿ" ಅಂದ್ರು. ಅಕ್ಕ ಕಿವಿ ಹತ್ರ ತಂದು ಎಷ್ಟು ಅಂತ ಕೇಳಿದ್ರು. "ಅರ್ಧ. ಆಮೇಲೆ ಇನ್ನರ್ಧ. ಬೆಳಿಗ್ಗೆ ಬಸ್ಟ್ಯಾಂಡಲ್ಲಿ ಕಾಲು ಸೂಪು."

ಅಕ್ಕ ನಗು ನುಂಗಿಕೊಂಡು, ಹಂಗಾದ್ರೆ ನಿಮ್ಮ ಕಿಡ್ನಿಗೆ ಏನೂ ಆಗಿರಲ್ಲ ಬಿಡಿ ಬೀಗ್ರೆ, ನಮ್ಮೂರಿಗೆ ಆಗಿದ್ದೇ ನಿಮಗೂ ಆಗಿರೋದು ಅಂದ್ರು. ಒಂದು ದಿನ ಬಾಡು ಬಿಟ್ಟು ಮತ್ತೆ ರಕ್ತ ಕೊಡಿ, ಆಗ ಖಾತ್ರಿ ಆಗುತ್ತೆ ಅಂತ ನಾನೂ ಹೇಳ್ದೆ. ಬೀಗರು ಉಸಿರು ಬಿಟ್ಟು, ನಿಶ್ಚಿತಾರ್ಥಕ್ಕೆ ಇನ್ನು ತಡ ಮಾಡೋದು ಬೇಡ, ಬರೋ ವಾರವೇ ಇಟ್ಕೊಳ್ಳಾನ ಅಂದ್ರು.

ಅಷ್ಟರಲ್ಲಿ ಅವರ ಹೆಂಡ್ತಿ ಮಜ್ಜಿಗೆ ತಟ್ಟೆ ಹಿಡ್ಕೊಂಡು ಹೊರಗೆ ಬಂದ್ರು. ನನ್ನ ಮುಂದೆ ಒಂದು ಲೋಟ, ಅಕ್ಕನ ಮುಂದೆ ಒಂದು ಲೋಟ ಇಟ್ರು. ಗಂಡನ ಮುಂದೆ ಇಡಲಿಲ್ಲ. ಸೆರಗು ಸರಿ ಮಾಡ್ಕೊಂಡು ನನ್ನ ಕಡೆ ತಿರುಗಿ ಕೇಳಿದ್ರು:

"ಸ್ವಾಮಿ, ನೀವು ಪ್ರತಿ ಶನಿವಾರ ರಾತ್ರಿ ಬಂದು ಇವ್ರ ರಕ್ತ ತಗೊಂಡೋಗಕ್ಕಾಯ್ತದಾ?"